ಹದಿನೇಳು ಹೊಗಳಿಕೆ

ಕ್ಲಿನಿಕ್ಕು ತೆರೆದು ಏಳು ವಾರವಾಗಿತ್ತು. ಆ ಏಳು ವಾರದಲ್ಲಿ ರೋಗಿಯ ಕುರ್ಚಿಯ ಮೇಲೆ ಅತಿ ಹೆಚ್ಚು ಹೊತ್ತು ಕೂತವಳು ಹಲ್ಲಿನ ಡಾಕ್ಟರೇ. ಬಾಗಿಲ ಫಲಕದಲ್ಲಿ ಡಿಗ್ರಿ ಸಮೇತ ಹೆಸರಿದ್ದರೂ ಮನೆಯವರಿಗೆ ಅವಳು ಪುಟ್ಟಿ. ಮುಂದಿನ ಕೋಣೆಯಲ್ಲಿ ಫೋನು ಎತ್ತಲು ಕೂತಿದ್ದ ಚಿಕ್ಕಮ್ಮನಿಗಂತೂ ಬರೀ ಪುಟ್ಟಿ.

ಚಿಕ್ಕಮ್ಮ ಮೂವತ್ತು ವರ್ಷ ವಿಮೆ ಪಾಲಿಸಿ ಮಾರಿದವಳು. ಬೇಡ ಅಂದವರಿಗೇ ಎರಡೆರಡು ಮಾರಿದವಳು.

“ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಕಣೇ. ನೀನು ನೋಡಿದರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯ. ನಿನ್ನ ಬಗ್ಗೆ ನಾಲ್ಕು ಜನ ಆನ್‌ಲೈನಲ್ಲಿ ಒಳ್ಳೇದು ಬರೀಬೇಕು. ಈಗಿನವರು ಓದಿ ನೋಡದೆ ಒಂದು ಪೊರಕೇನೂ ಕೊಳ್ಳಲ್ಲ.”

“ಬಂದವರು ಬರೆದರೆ ಬರೀಲಿ, ಚಿಕ್ಕಮ್ಮ.”

“ಬಂದರೆ ತಾನೆ ಬರೆಯೋದು? ಅದನ್ನ ನನಗೆ ಬಿಡು.”

ಪುಟ್ಟಿ ಬಿಟ್ಟಳು. ಮುಂದಿನ ವಾರ ಫೋನು ಬರತೊಡಗಿದಾಗ, ಚಿಕ್ಕಮ್ಮ ಏನು ಮಾಡಿದಳು ಎಂದು ಕೇಳಬೇಕೆನಿಸಿತು. ಕೇಳಿದರೆ ಎಲ್ಲಿ ಫೋನು ನಿಂತುಹೋಗುತ್ತದೋ ಎಂಬ ಹೆದರಿಕೆಯೂ ಆಯಿತು. ಕೇಳಲಿಲ್ಲ.

ಗುರುವಾರ ಹತ್ತಕ್ಕೆ ಬಂದವರು ಬಸ್ ಡಿಪೋದಿಂದ ನಿವೃತ್ತರಾದ ಮೇಲ್ವಿಚಾರಕರು. ಕೆಳಗಿನ ದವಡೆಹಲ್ಲು ಅಲ್ಲಾಡುತ್ತಿತ್ತು; ಕೀಳಲೇಬೇಕು. ಫಾರಂನಲ್ಲಿ ‘ದಿನವೂ ತೆಗೆದುಕೊಳ್ಳುವ ಔಷಧಿ’ ಎಂಬ ಸಾಲಿನ ಮುಂದೆ ದಪ್ಪಗೆ ‘ಇಲ್ಲ’ ಎಂದು ಬರೆದಿದ್ದರು. ಅವಳು ಎರಡು ಸಲ ಓದಿ, ಬಾಯಿಬಿಟ್ಟೂ ಕೇಳಿದಳು. “ಏನೂ ಇಲ್ಲಮ್ಮ, ಗುಂಡುಕಲ್ಲಿನ ಹಾಗಿದೀನಿ,” ಎಂದರು.

ಮರಗಟ್ಟಿಸುವ ಮದ್ದು ತುಂಬಿದ ಸೂಜಿ ಅವಳ ಕೈಯಲ್ಲಿತ್ತು. ಮೇಲ್ವಿಚಾರಕರು ಕಣ್ಣುಮುಚ್ಚಿ, ಬಾಯಿ ತೆರೆದು, ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಂಗಿಯ ತೋಳು ಮೇಲೆ ಸರಿಯಿತು. ಮುಂಗೈ ತುಂಬ ಶಾಯಿ ಚೆಲ್ಲಿದಂತೆ ನೀಲಿ ಕಲೆಗಳು.

“ಎಲ್ಲಾದರೂ ಬಿದ್ದಿದ್ರಾ ಸರ್?”

ಇಲ್ಲವೆಂದು ತಲೆಯಾಡಿಸಿದರು. ಅವಳು ಸೂಜಿಯನ್ನು ತಟ್ಟೆಯಲ್ಲಿಟ್ಟಳು.

“ಹೃದಯಕ್ಕೆ ಏನಾದರೂ ಮಾತ್ರೆ?”

“ಓ, ಅದಾ? ವಾಲ್ವ್ ಹಾಕಿಸಿದೀನಲ್ಲ, ರಕ್ತ ತೆಳು ಮಾಡೋದು ಒಂದು ತಗೋತೀನಿ. ಬೇರೆಯವರು ಆ ಪರೀಕ್ಷೆ ಈ ಪರೀಕ್ಷೆ ಅಂತ ಅಲೆಸ್ತಾರೆ. ನೀವು ಅದೆಲ್ಲ ಲೆಕ್ಕಕ್ಕಿಡಲ್ಲ ಅಂತಲೇ ಇಲ್ಲಿಗೆ ಬಂದಿದ್ದು.”

“ಯಾರು ಹೇಳಿದರು?”

“ಬರೆದಿದಾರಲ್ಲಮ್ಮ!” ಜೇಬಿನಿಂದ ಫೋನು ತೆಗೆದು ತೋರಿಸಿದರು.

‘ನಾನು ಹೃದಯದ ರೋಗಿ. ರಕ್ತ ತೆಳುವಾಗುವ ಮಾತ್ರೆ ನುಂಗುವವನು. ಡಾಕ್ಟರಮ್ಮ ಒಂದು ಮಾತು ಕೇಳಲಿಲ್ಲ. ಎರಡೇ ನಿಮಿಷದಲ್ಲಿ ಹಲ್ಲು ಕಿತ್ತರು. ಒಂದು ಹನಿ ರಕ್ತವೂ ಬರಲಿಲ್ಲ.’ ಐದು ನಕ್ಷತ್ರ.

ಇಂಥ ರೋಗಿಯನ್ನು ಅವಳು ಈ ಕೋಣೆಯಲ್ಲಿ ಕಂಡೇ ಇರಲಿಲ್ಲ. ಹಿಂದೆ ಮುಂದೆ ಇನ್ನೂ ಹದಿನಾರು ಹೊಗಳಿಕೆಗಳಿದ್ದವು.

“ಚಿಕ್ಕಮ್ಮಾ!”

ಓಡಿ ಬಂದ ಚಿಕ್ಕಮ್ಮ ಫೋನು ನೋಡಿ ಮುಖವರಳಿಸಿದಳು. “ಇದು ನಿಮ್ಮ ಚಿಕ್ಕಪ್ಪಂದು. ಎಲ್ಲರೂ ಒಂದೇ ಥರ ಬರೆದರೆ ಅನುಮಾನ ಬರಲ್ವಾ? ಅದಕ್ಕೇ ಕೂತು ಒಬ್ಬೊಬ್ಬರಿಗೆ ಒಂದೊಂದು ಕಾಯಿಲೆ ಹಂಚಿದೆ. ನಿಮ್ಮಣ್ಣನಿಗೆ ಸಕ್ಕರೆ, ಅತ್ತಿಗೆಗೆ ಬಸಿರು...”

“ಚಿಕ್ಕಪ್ಪನ ಬಾಯಲ್ಲಿ ಒಂದು ಹಲ್ಲೂ ಇಲ್ಲವಲ್ಲ!”

“ಬರೆಯೋಕೆ ಹಲ್ಲು ಯಾಕೆ?” ಎಂದ ಚಿಕ್ಕಮ್ಮ, ಆಮೇಲಷ್ಟೇ ಕುರ್ಚಿಯಲ್ಲಿದ್ದವರನ್ನು ನೋಡಿದಳು.

ಮೇಲ್ವಿಚಾರಕರ ಮುಖ ಸುಣ್ಣವಾಗಿತ್ತು. “ಈಗ ಕಿತ್ತಿದ್ದರೆ?”

“ರಕ್ತ ನಿಲ್ಲದೇ ಹೋಗಬಹುದಿತ್ತು. ನಿಮ್ಮ ಹೃದಯದ ಡಾಕ್ಟರನ್ನ ಕೇಳದೆ ನಾನು ಮುಟ್ಟಲ್ಲ. ನೀವೂ ಮಾತ್ರೆ ನಿಲ್ಲಿಸಬೇಡಿ.”

ಅವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. “ನಮ್ಮ ಕೆಳಗಿನ ಮನೆ ಟೀಚರಮ್ಮ,” ಎಂದರು. “ಅವರದೂ ಇದೇ ಮಾತ್ರೆ. ನಿನ್ನೆ ಇದನ್ನ ಓದಿ ಹೇಳಿದ್ದೆ. ಏನೂ ಆಗಲ್ಲ, ಕೇಳಿದರೂ ಹೇಳಬೇಡಿ ಅಂದಿದ್ದೆ. ಇಲ್ಲಿಗೆ ದೂರ ಅಂತ ಮನೆ ಹತ್ತಿರದ ಡಾಕ್ಟರ ಕಡೆ ಹಲ್ಲು ಕೀಳಿಸೋಕೆ ಹೋಗಿದಾರೆ. ಇವತ್ತೇ. ಈಗಲೇ.”

“ಫೋನ್ ಮಾಡಿ!”

ಅವರ ಬೆರಳು ಎರಡು ಸಲ ತಪ್ಪಿತು. ಆ ಕಡೆ ಫೋನು ರಿಂಗಾಯಿತು. ಯಾರೂ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಮೂರನೆಯ ಸಲ ಒಂದು ಹೆಂಗಸಿನ ದನಿ ಬಂತು: “ಸುಮ್ಮನಿರಿ ಸಾರ್, ಒಳಗೆ ಕರೀತಿದಾರೆ.”

ಪುಟ್ಟಿ ಫೋನು ಕಸಿದುಕೊಂಡಳು. “ಟೀಚರಮ್ಮ, ಕುರ್ಚಿ ಮೇಲೆ ಕೂರಬೇಡಿ. ಮಾತ್ರೆ ವಿಷಯ ಅವರಿಗೆ ಹೇಳಿ.”

“ನೀವ್ಯಾರು? ಅಲ್ಲಿ ಬರೆದಿದೆಯಲ್ಲ...”

“ಅಲ್ಲಿ ಬರೆದಿರೋ ಡಾಕ್ಟರ್ ನಾನೇ. ಅದು ಶುದ್ಧ ಸುಳ್ಳು. ಬರೆದವರು ನನ್ನ ಮನೆಯವರು.”

ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ಕಡೆ ಗುಸುಗುಸು, ಕುರ್ಚಿ ಎಳೆದ ಸದ್ದು. ಆಮೇಲೆ ಒಂದು ಗಂಡಸಿನ ದನಿ, ತಣ್ಣಗೆ: “ನಾನು ಇಲ್ಲಿನ ಡೆಂಟಿಸ್ಟ್. ಇವರು ಈಗ ಮಾತ್ರೆ ತೋರಿಸಿದರು. ಈ ಸುಳ್ಳು ಬರಹದ ವಿಷಯ ನಾನು ನಮ್ಮ ಡೆಂಟಿಸ್ಟರ ಸಂಘಕ್ಕೆ ತಿಳಿಸಲೇಬೇಕಾಗುತ್ತೆ. ಯಾವ ಕ್ಲಿನಿಕ್ಕು?”

“ಬೇಡ ಕಣೇ, ಫೋನಿಡು,” ಚಿಕ್ಕಮ್ಮ ಪಿಸುಗುಟ್ಟಿದಳು.

ಪುಟ್ಟಿ ತನ್ನ ಹೆಸರು, ಡಿಗ್ರಿ, ನೋಂದಣಿ ಸಂಖ್ಯೆ, ಕ್ಲಿನಿಕ್ಕಿನ ವಿಳಾಸ ಎಲ್ಲವನ್ನೂ ಹೇಳಿದಳು. ಆ ಕಡೆಯವರು ಬರೆದುಕೊಳ್ಳಲಿ ಎಂದು, ನಿಧಾನವಾಗಿ.