ವಾಪಸ್ ಬಂದ ತಿದ್ದುಪಡಿ

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡುವವಳಿಗೆ ಎಲ್ಲರೂ ಇಟ್ಟ ಹೆಸರು ಗಡಿಬಿಡಿ. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಅವತ್ತಂತೂ ಕೆಂಡದ ಮೇಲೆ ನಿಂತಂತಾಗಿತ್ತು. ಮೇಲಿನ ಮಹಡಿಯ ವಾರ್ಡಿನಲ್ಲಿ ಅವಳ ಅತ್ತಿಗೆ ಜ್ವರದಿಂದ ಮಲಗಿದ್ದಳು. ಅತ್ತಿಗೆಗೆ ಪೆನಿಸಿಲಿನ್ ಆಗಿಬರದು. ಹಿಂದೊಮ್ಮೆ ಕೊಟ್ಟಾಗ ಉಸಿರೇ ಕಟ್ಟಿತ್ತು. "ಕಂಪ್ಯೂಟರ್ ಫೈಲಲ್ಲಿ ಬರೆದುಬಿಟ್ಟೆ ಕಣಮ್ಮ, ಯಾಕೆ ಒದ್ದಾಡ್ತೀಯ?" ಎಂದು ಬೆಳಗಿನ ಪಾಳಿಯ ನರ್ಸು ಫೋನಿನಲ್ಲಿ ಗದರಿ ಮನೆಗೆ ಹೋಗಿದ್ದಳು.

ಬರೆದದ್ದು ಕೂಡಲೇ ಎಲ್ಲ ವಾರ್ಡಿಗೂ ಮುಟ್ಟಬೇಕು. ಮೊದಲೆಲ್ಲ ರೋಗಿಗಳ ಫೈಲು ಹುಡುಕಿಕೊಡುವ ಸರ್ವರಿನ ಇಡೀ ಇಂಡೆಕ್ಸನ್ನು, ಅಂದರೆ ಎಲ್ಲ ಫೈಲುಗಳ ಪಟ್ಟಿಯನ್ನು, ವಾರ್ಡುಗಳಿಗೆ ನಕಲು ಮಾಡುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಬದಲಾದ ತುಣುಕಷ್ಟೇ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುವಂತೆ ಮಾಡಿದ್ದು ಗಡಿಬಿಡಿಯೇ. ದೊಡ್ಡ ಡಾಕ್ಟರು ಬೆನ್ನು ತಟ್ಟಿದ್ದರು, ಇವಳಿಗೂ ಕೊಂಚ ಕೊಂಬು ಬಂದಿತ್ತು.

ಮನಸ್ಸು ತಡೆಯದೆ ಅತ್ತಿಗೆಯ ಫೈಲು ಹುಡುಕಿದಳು. ಪೆನಿಸಿಲಿನ್ ಸುದ್ದಿಯೇ ಇಲ್ಲ! ವಾರ್ಡಿನ ನಕಲಿನಲ್ಲೂ ಇಲ್ಲ, ಮೂಲದಲ್ಲೂ ಇಲ್ಲ. ಸರ್ವರಿನ ದಾಖಲೆ ತೆರೆದು ನೋಡಿದಳು. ನರ್ಸು ಫೈಲು ತೆರೆದು ಬರೆಯುತ್ತಿದ್ದಾಗಲೇ ಲ್ಯಾಬಿನವನು ಅದಕ್ಕೆ ರಕ್ತದ ವರದಿ ಸೇರಿಸಿದ್ದ. ಹಾಗಾಗಿ ಫೈಲಿನ ಹೊಸ ಆವೃತ್ತಿ ಹುಟ್ಟಿತ್ತು, ಹಳೆಯದರ ಮೇಲೆ ನರ್ಸು ಬರೆದದ್ದನ್ನು ಸರ್ವರ್ ವಾಪಸ್ ಕಳಿಸಿತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಬಾರದೆಂದು ವರ್ಷದ ಹಿಂದೆ ಆ ಕಾವಲು ಇಟ್ಟವಳೂ ಇವಳೇ. ವಾಪಸಾದ ಸುದ್ದಿಯನ್ನು ಬರೆದವರಿಗೆ ತಿಳಿಸುವ ಏರ್ಪಾಡು ಮಾತ್ರ ಮರೆತೇಹೋಗಿತ್ತು. ಅಯ್ಯೋ, ನನ್ನ ಬುದ್ಧಿಗಿಷ್ಟು!

ವಾರ್ಡಿನ ಫೋನು ಬಡಕೊಂಡೇ ಬಡಕೊಂಡಿತು, ಯಾರೂ ಎತ್ತಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದಳು.

ಅತ್ತಿಗೆ ದಿಂಬಿಗೊರಗಿ ಕೂತಿದ್ದಳು. ಮಧ್ಯಾಹ್ನದ ಪಾಳಿಯ ನರ್ಸು ಪೆನಿಸಿಲಿನ್ ಸಿರಿಂಜು ಹಿಡಿದು ಮುಖ ಊದಿಸಿಕೊಂಡು ನಿಂತಿದ್ದಳು.

"ನೋಡಿ, ಚುಚ್ಚಿಸಿಕೊಳ್ಳಲ್ಲ ಅಂತ ಹಟ ಹಿಡಿದಿದಾರೆ. ಕಂಪ್ಯೂಟರಲ್ಲಿ ಅಂಥದ್ದೇನೂ ಇಲ್ಲ."

"ಉಸಿರು ಕಟ್ಟಿದ್ದು ಕಂಪ್ಯೂಟರಿಗಾ, ನಂಗಾ?" ಎಂದಳು ಅತ್ತಿಗೆ. "ಬಾರೇ ಗಡಿಬಿಡಿ, ನೀನಾದ್ರೂ ಹೇಳು. ಬಾಯಿದ್ದವರು ಬರಗಾಲದಲ್ಲೂ ಬದುಕಿದ್ರಂತೆ!"

ಗಡಿಬಿಡಿ ಅವಳ ಕೈ ಹಿಡಿದು ಅತ್ತೇಬಿಟ್ಟಳು. "ಹುಚ್ಚಿ, ಬದುಕಿದೀನಲ್ಲ" ಎಂದು ಅತ್ತಿಗೆ ತಲೆ ಸವರಿದಳು.

ಕಣ್ಣೊರೆಸಿಕೊಂಡು ತಿರುಗಿದರೆ ಪಕ್ಕದ ಮಂಚದಲ್ಲಿ ಒಬ್ಬಳು ಮುದುಕಿ. ಎಚ್ಚರವಿಲ್ಲ, ಜೊತೆಗೆ ಯಾರೂ ಇಲ್ಲ. ನರ್ಸು ಬೇರೆ ಸಿರಿಂಜು ಎತ್ತಿಕೊಂಡು ಮುದುಕಿಯ ತೋಳು ಒರೆಸುತ್ತಿದ್ದಳು.

"ನಿಲ್ಲಿಸಿ!" ಎಂದು ಕಿರುಚಿದಳು ಗಡಿಬಿಡಿ.

"ಇವರದ್ದೂ ನೋಡಿದೀನಿ. ಏನೂ ಬರೆದಿಲ್ಲ."

"ಬರೆದಿರಬಹುದು ಅಕ್ಕಾ, ನಾನೇ ವಾಪಸ್ ಕಳಿಸಿರಬಹುದು. ಒಂದು ವರ್ಷದಿಂದ ಎಷ್ಟು ಜನರದ್ದು ಹಾಗೆ ಹೋಗಿದೆಯೋ ನಂಗೇ ಗೊತ್ತಿಲ್ಲ."