ಅಕ್ಕನ ಹತ್ತಿರ ಇಟ್ಟ ಸಂಬಳ

ದುಡ್ಡು ಕೇಳುವುದಕ್ಕೂ ಒಂದು ಹೊತ್ತುಗೊತ್ತು ಇರಬೇಕಲ್ಲ. ಅಕ್ಕನ ಸ್ನಾನ ಮುಗಿದು, ಭಾವ ಪೇಪರಿನ ಹಿಂದೆ ಮಾಯವಾಗಿ, ತನ್ನ ಮಗಳು ಹಿಂದಿನ ಕೋಣೆಯಲ್ಲಿ ಹೋಂವರ್ಕ್ ಹರಡಿಕೊಂಡು ಕೂತ ಮೇಲೆ ತಂಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೇಳಬೇಕಾದದ್ದು ಅವಳದೇ ದುಡ್ಡು. ಆದರೂ ಸಾಲ ಕೇಳಲು ಬಂದವಳ ಹಾಗೆ ಕೈ ಹಿಸುಕಿಕೊಳ್ಳುತ್ತಿದ್ದಳು.

ಈ ಊರಿಗೆ ಅವಳು ಬಂದು ಎಂಟು ತಿಂಗಳಾಗಿತ್ತು. ಗಂಡನೆಂಬ ಮಹಾನುಭಾವ ಅವಳಿಂದ ಎಲ್ಲೆಲ್ಲೋ ಸಹಿ ಹಾಕಿಸಿ ಸಾಲ ಎತ್ತಿ, ಸಾಲ ಕೊಟ್ಟವರನ್ನು ಮನೆಬಾಗಿಲಿಗೆ ಬಿಟ್ಟು, ತಾನು ಮಾತ್ರ ನುಣುಚಿಕೊಂಡಿದ್ದ. ಅವಳ ಹೆಸರಿನ ಖಾತೆಗೆ ಬಿಡಿಗಾಸು ಬಿದ್ದರೂ ಬ್ಯಾಂಕಿನವರು ಕಂತಿಗೆಂದು ಹಿಡಿದುಕೊಳ್ಳುತ್ತಿದ್ದರು. ಕೊನೆಗೆ ಮಗಳನ್ನೂ ಎರಡು ಚೀಲಗಳನ್ನೂ ಹಿಡಿದುಕೊಂಡು ಅಕ್ಕನ ಮನೆ ಸೇರಿದಳು. ದೊಡ್ಡ ಬಟ್ಟೆ ಅಂಗಡಿಯೊಂದರ ನೆಲಮಾಳಿಗೆಯಲ್ಲಿ, ಮಾರಿದ ಬಟ್ಟೆಯನ್ನು ಗಿರಾಕಿಯ ಅಳತೆಗೆ ತಿದ್ದಿಕೊಡುವ ಕೆಲಸ ಸಿಕ್ಕಿತು. ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಸೊಂಟ ಸಡಿಲಿಸುವುದು, ಕೆಟ್ಟ ಜಿಪ್ ಕಿತ್ತು ಹೊಸದು ಕೂರಿಸುವುದು. ಸಂಬಳ ನಗದಾಗಿಯೇ ಕೊಡಿ ಎಂದು ಟೈಲರ್ ಮಾಸ್ಟರನ್ನು ಗೋಗರೆದಿದ್ದಳು. ಆತ ಗೊಣಗುತ್ತಲೇ ಒಪ್ಪಿದ್ದ.

ನಗದು ಇಡುವುದಾದರೂ ಎಲ್ಲಿ? "ನನ್ನ ಕೈಗೆ ಕೊಡೇ. ನನ್ನ ಹತ್ರ ಇದ್ರೆ ಬ್ಯಾಂಕಲ್ಲಿದ್ದಂಗೆ," ಎಂದಿದ್ದಳು ಅಕ್ಕ. ತಾಯಿ ತೀರಿಕೊಂಡಾಗಿನಿಂದ ತಂಗಿಯ ತಲೆ ಬಾಚಿ, ಮೂಗು ಒರೆಸಿ ಬೆಳೆಸಿದವಳು ಅವಳೇ. ಅಂಥವಳ ಕೈಗೆ ದುಡ್ಡು ಕೊಟ್ಟು, ಇಲ್ಲಿಗೆ ಎಷ್ಟಾಯಿತು ಎಂದು ಕೇಳುವುದುಂಟೇ! ಅವರ ಮನೆತನದಲ್ಲಿ ಅದಕ್ಕಿಂತ ಕೆನ್ನೆಗೆ ಬಾರಿಸಿದರೂ ಕ್ಷಮೆಯಿತ್ತು. ಬ್ಯಾಂಕು ಕೇಳದಿದ್ದರೂ ಲೆಕ್ಕ ಒಪ್ಪಿಸುತ್ತದೆ ಎಂಬುದು ಈ ಪೆದ್ದಿಗೆ ಹೊಳೆಯಲಿಲ್ಲ. ತಿಂಗಳು ತಿಂಗಳೂ ಬಸ್ಸಿನ ಖರ್ಚಿಗೆ ಅಷ್ಟು ತೆಗೆದಿಟ್ಟುಕೊಂಡು ಉಳಿದದ್ದನ್ನು ಲಕೋಟೆ ಸಮೇತ ಒಪ್ಪಿಸಿಬಿಡುತ್ತಿದ್ದಳು.

ಈಗ ಬಾಡಿಗೆಗೆ ಒಂದು ಕೋಣೆ ಸಿಕ್ಕಿತ್ತು. ಇಸ್ತ್ರಿ ಅಂಗಡಿಯ ಮೇಲೆ. ಒಂದು ಕಿಟಕಿ, ಮೂಲೆಯಲ್ಲಿ ಒಲೆಕಟ್ಟೆ, ಒಂದು ಗೋಡೆಗೆ ತೇವ. ಆದರೂ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ. ಮಗಳು ಆ ಚಿಲಕವನ್ನೇ ಹಾಕಿ ತೆಗೆದು, ತೆಗೆದು ಹಾಕಿ ನೋಡಿದ್ದಳು. "ಇವತ್ತು ಸಂಜೆಯೊಳಗೆ ಅಡ್ವಾನ್ಸ್ ಕೊಟ್ರೆ ನಿಮ್ಗೆ. ಇಲ್ಲಾಂದ್ರೆ ಇನ್ನೊಬ್ರು ಕಾದಿದ್ದಾರೆ ನೋಡಮ್ಮ," ಎಂದಿದ್ದಳು ಮನೆಯೊಡತಿ.

"ಅಕ್ಕಾ, ನನ್ನ ದುಡ್ಡು ಬೇಕಿತ್ತು. ರೂಮಿಗೆ ಅಡ್ವಾನ್ಸ್ ಕಟ್ಬೇಕು."

"ಯಾವ ದುಡ್ಡೇ?"

ಅಕ್ಕ ಕೇಳಿದ ರೀತಿಯಲ್ಲಿ ಕಪಟ ಇರಲಿಲ್ಲ. ಅದೇ ತಂಗಿಗೆ ಭಯ ಹುಟ್ಟಿಸಿತು.

"ಸಂಬಳದ್ದು. ತಿಂಗಳು ತಿಂಗಳು ಕೊಡ್ತಿದ್ನಲ್ಲ."

"ಅಯ್ಯೋ, ಅದಾ! ಎಂಟು ತಿಂಗಳಿಂದ ತಾಯಿ ಮಗಳು ಇಲ್ಲಿ ಗಾಳಿ ಕುಡ್ಕೊಂಡು ಬದುಕಿದ್ರೇನೆ?" ಅಕ್ಕ ನಗುತ್ತಲೇ ಬೆರಳು ಮಡಚತೊಡಗಿದಳು. "ಆ ಕೋಣೆ ಬಾಡಿಗೆಗೆ ಕೊಟ್ಟಿದ್ರೆ ನಮ್ಗೆ ಎಷ್ಟು ಬರ್ತಿತ್ತು? ಕರೆಂಟು, ಗ್ಯಾಸು, ಹಾಲು. ನಿಮ್ಮನ್ನ ಕರೆಸ್ಕೊಂಡಾಗ ಟಿಕೆಟ್ ಮಾಡಿಸಿದ್ದು ಯಾರು? ಮಗೂಗೆ ಜ್ವರ ಬಂದಾಗ ಟ್ಯಾಕ್ಸಿ, ಡಾಕ್ಟ್ರು. ಬರ್ತ್‌ಡೇಗೆ ಫ್ರಾಕು, ಕೇಕು..."

"ಫ್ರಾಕು ನೀನು ಪ್ರೀತಿಯಿಂದ ಕೊಟ್ಟಿದ್ದಲ್ವಾ ಅಕ್ಕಾ?"

"ಪ್ರೀತಿಯಿಂದ್ಲೇ ಕೊಟ್ಟೆ. ಅಂಗಡಿಯವ್ನು ಪ್ರೀತಿ ತಗೊಂಡು ಫ್ರಾಕು ಕೊಡ್ತಾನಾ?"

ತಂಗಿಯ ಕಣ್ಣು ತಾನಾಗಿಯೇ ಹಜಾರದ ಕಡೆ ಹೋಯಿತು. ಅಲ್ಲಿ ಹೊಸ ಸೋಫಾ ಇತ್ತು. ಭಾವನಿಗೆ ಬೋನಸ್ ಬಂತು ಎಂದು ಹೇಳಿ ತರಿಸಿದ್ದರು. ರಜೆಯ ದಿನವಿಡೀ ಕೂತು ಅದಕ್ಕೆ ಕವರು ಹೊಲಿದವಳು ಇವಳೇ. ಮೂಲೆಯಲ್ಲಿ ಸುಕ್ಕು ಬಂತೆಂದು ಬಿಚ್ಚಿ ಮತ್ತೆ ಹೊಲಿದಿದ್ದಳು. ಎಷ್ಟು ಚೆನ್ನಾಗಿದೆ ಅಕ್ಕಾ ಎಂದು ಬಾಯಿತುಂಬ ಹೊಗಳಿಯೂ ಇದ್ದಳು. ಭಾವ ಈಗ ಅದರ ಮೇಲೆಯೇ ಕೂತು, ಪೇಪರಿನ ಒಂದೇ ಪುಟವನ್ನು ಬಹಳ ಹೊತ್ತಿನಿಂದ ಓದುತ್ತಿದ್ದ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಹಂಗಾದ್ರೆ ನಂದೂ ಲೆಕ್ಕ ಹಾಕು. ಪರದೆ ಹೊಲಿದಿದ್ದು, ಸೋಫಾ ಕವರು, ಭಾವನ ಅಂಗಿಗಳು. ದಿನಾ ಬೆಳಗ್ಗೆ ಎದ್ದು ಮಾಡೋ ಅಡುಗೆ, ತೊಳೆಯೋ ಪಾತ್ರೆ."

ಅಕ್ಕನ ಮುಖ ಕಪ್ಪಿಟ್ಟಿತು. "ಒಡಹುಟ್ಟಿದವಳ ಹತ್ರಾನೇ ಕೂಲಿ ಕೇಳೋ ಹಂಗಾದ್ಯಾ? ನಿನ್ನ ಎತ್ತಿ ಆಡಿಸಿ ಬೆಳೆಸಿದ್ನಲ್ಲೇ, ಅದಕ್ಕೆ ನಾನೆಷ್ಟು ಕೇಳ್ಲಿ?" ಎಂದವಳೇ ಗೊಳೋ ಎಂದು ಅಳಲು ಶುರುಮಾಡಿದಳು. ಅಳಬೇಕಾದವಳು ಒಬ್ಬಳು, ಅತ್ತವಳು ಇನ್ನೊಬ್ಬಳು. ಭಾವ ಪೇಪರ್ ಇಳಿಸಿ, "ಅಕ್ಕ-ತಂಗೀರ ಮಧ್ಯೆ ದುಡ್ಡಿನ ಮಾತು ಬರಬಾರ್ದು," ಎಂದು ಅಪ್ಪಣೆ ಕೊಡಿಸಿ ಮತ್ತೆ ಪೇಪರ್ ಏರಿಸಿದ. ಕೊನೆಗೆ ಅಕ್ಕನಿಗೆ ನೀರು ತಂದುಕೊಟ್ಟು, ಬೆನ್ನು ಸವರಿ ಸಮಾಧಾನ ಮಾಡಿದವಳೂ ತಂಗಿಯೇ.

ಮೂಗು ಒರೆಸಿಕೊಂಡು ಎದ್ದ ಅಕ್ಕ ಬೀರುವಿನಿಂದ ಕೆಲವು ನೋಟು ತಂದು ಅವಳ ಅಂಗೈಯಲ್ಲಿಟ್ಟಳು. ಉಳಿದದ್ದು ಇಷ್ಟೇ ಅಂತೆ. ಅಡ್ವಾನ್ಸಿನ ಕಾಲುಭಾಗಕ್ಕೂ ಅದು ಸಾಲುವಂತಿರಲಿಲ್ಲ. ತಂಗಿ ಹೊರಗೆ ಮೆಟ್ಟಿಲ ಮೇಲೆ ನಿಂತು ಮನೆಯೊಡತಿಗೆ ಫೋನ್ ಮಾಡಿದಳು. "ಸರಿ ಬಿಡಮ್ಮ," ಎಂದಳು ಆಕೆ. ಬೈದಿದ್ದರೂ ಆಗುತ್ತಿತ್ತು, ಅಷ್ಟು ಸುಲಭವಾಗಿ ಬಿಟ್ಟುಬಿಟ್ಟಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಅತ್ತು ಹಗುರಾಗಿದ್ದ ಅಕ್ಕ ಎಂದಿಗಿಂತ ಹೆಚ್ಚು ಅಕ್ಕರೆಯಿಂದ ಬಡಿಸುತ್ತಿದ್ದಳು. ಮಗುವಿಗೆ ಇಷ್ಟವೆಂದು ಆಮ್ಲೆಟ್ ಮಾಡಿದ್ದಳು. ಒಂದು ಖಾಲಿಯಾದ ಕೂಡಲೇ ಇನ್ನೊಂದನ್ನು ಎತ್ತಿ, "ತಗೋಳೆ ಪುಟ್ಟಿ," ಎಂದಳು.

ಮಗಳು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಹಿಂದಿನ ಕೋಣೆಗೂ ಅಡುಗೆಮನೆಗೂ ನಡುವೆ ಇದ್ದದ್ದು ಬರೀ ಒಂದು ಹಲಗೆ ಗೋಡೆ.

"ಇದು ಎಷ್ಟಾಗುತ್ತೆ ದೊಡ್ಡಮ್ಮ?"

ಕೊಂಕು ಗೊತ್ತಿಲ್ಲದ ವಯಸ್ಸು ಅದು. ಬೆಲೆ ತಿಳಿಯಬೇಕಿತ್ತು, ಕೇಳಿದಳು. ಸಟ್ಟುಗ ಹಿಡಿದ ಅಕ್ಕನ ಕೈ ಅಲ್ಲೇ ನಿಂತಿತು. ಭಾವನಿಗೆ ಕೆಮ್ಮು ಬಂತು. "ಎಂಥಾ ಮಾತು ಕಲಿಸಿದ್ದೀಯೇ ಮಗೂಗೆ!" ಎಂದಳು ಅಕ್ಕ.

ಎಂಟು ತಿಂಗಳಿಂದ ತಂಗಿ ಮಗಳಿಗೆ ಹೇಳಿಕೊಟ್ಟದ್ದೆಲ್ಲ ಸುಮ್ಮನಿರುವುದನ್ನೇ. ಮುಟ್ಟಬೇಡ, ಕೇಳಬೇಡ, ಜೋರಾಗಿ ನಗಬೇಡ. ಈಗಲೂ ಬಾಯಿಗೆ ಅದೇ ಬಂತು. ನುಂಗಿಕೊಂಡಳು.

"ಹಾಕಿಸ್ಕೋ ಪುಟ್ಟಿ," ಎಂದಳು, ಅಕ್ಕನ ಮುಖವನ್ನೇ ನೋಡುತ್ತ. "ಇದರ ದುಡ್ಡು ಕಟ್ಟಾಗಿದೆ."

"ಪೂರ್ತಿನಾ?"

"ಪೂರ್ತಿ."

ಆಮೇಲೆ ಮಗಳು ತಟ್ಟೆ ಮುಂದೆ ಹಿಡಿದಳು.