ಒಂದು ಕೋವಿಗೆ ಎರಡು ಅರ್ಜಿ

ಬೆಳ್ಯಪ್ಪನ ಕೋವಿಗೂ ದಿಲ್ಲಿಯ ಗದ್ದುಗೆಗೂ ಏನು ಸಂಬಂಧ ಎಂದು ಕೇಳಿದರೆ ಊರಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆದರೂ ಲೋಕಸಭೆಗೆ ಚುನಾವಣೆ ಘೋಷಣೆಯಾದ ನಾಲ್ಕನೇ ದಿನಕ್ಕೆ ಸಂಪಾಜೆ ದಾರಿಯಿಂದ ಒಳಗಿರುವ ಆ ಹಳ್ಳಿಗೆ ಪೊಲೀಸ್ ಜೀಪು ಬಂತು. ಲೈಸನ್ಸ್ ಇರುವ ಕೋವಿಗಳನ್ನೆಲ್ಲ ಠಾಣೆಗೆ ತಂದೊಪ್ಪಿಸಬೇಕು, ಜೂನ್‌ನಲ್ಲಿ ಫಲಿತಾಂಶ ಬಂದು ಒಂದು ವಾರವಾದ ಮೇಲೆ ವಾಪಸು ಕೊಡುತ್ತೇವೆ ಎಂದು ಹೇಳಿ ಹೋಯಿತು.

"ನಾನೆಂತ ದಿಲ್ಲಿಗೆ ಹೋಗಿ ಗುಂಡು ಹೊಡೀತೇನಾ?" ಎಂದು ಬೆಳ್ಯಪ್ಪ ಗೊಣಗಿದ. ಗೊಣಗಿಯೇ ತನ್ನ ಒಂಟಿ ನಳಿಗೆಯ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಸುಳ್ಯಕ್ಕೆ ಕೊಂಡುಹೋಗಿ ಕೊಟ್ಟು, ರಶೀದಿ ತೆಗೆದುಕೊಂಡು ಬಂದ. ಪ್ರತಿ ಚುನಾವಣೆಗೂ ಇದ್ದದ್ದೇ ಇದು. ಕೋವಿ ಠಾಣೆಗೆ ಹೋದದ್ದು ಹಂದಿಗಳಿಗೆ ಹೇಗೆ ಗೊತ್ತಾಗುತ್ತದೋ ದೇವರೇ ಬಲ್ಲ, ಆ ಎರಡು ತಿಂಗಳು ಅವು ಮರಗೆಣಸಿನ ಗದ್ದೆಗೆ ನೆಂಟರ ಹಾಗೆ ಬರುತ್ತಿದ್ದವು. ಬೆಳ್ಯಪ್ಪ ಡಬ್ಬ ಬಡಿದು, ಬೈದು, ಹೇಗೋ ದಿನ ದೂಡುತ್ತಿದ್ದ.

ಈ ಸಲ ಸಂಕಟ ಹಂದಿಯದ್ದಲ್ಲ. ಹೆಂಡತಿ ತಿಮ್ಮಕ್ಕನ ಅಣ್ಣ ದುಗ್ಗಪ್ಪ ಹಾಸಿಗೆ ಹಿಡಿದಿದ್ದ. ಮಂಗಳೂರಿನ ಡಾಕ್ಟರು, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸಿಬಿಟ್ಟಿದ್ದರು. ಘಟ್ಟದ ಬುಡದ ಈ ಗೌಡರ ಮನೆಗಳಲ್ಲಿ ಯಾರದಾದರೂ ಉಸಿರು ನಿಂತರೆ ಅಂಗಳದಲ್ಲಿ ನಿಂತು ಕೋವಿಯಿಂದ ಆಕಾಶಕ್ಕೆ ಎರಡು ಈಡು ಹೊಡೆಯಬೇಕು. ಊರಿಗೆ ಸುದ್ದಿ ಮುಟ್ಟುವುದು ಹಾಗೆ. ಹೋದವನಿಗೆ ಮರ್ಯಾದೆ ಸಲ್ಲುವುದೂ ಹಾಗೆ. ದುಗ್ಗಪ್ಪನ ಅಪ್ಪನಿಗೆ, ಅಮ್ಮನಿಗೆ, ತಮ್ಮನಿಗೆ ಆ ಎರಡು ಈಡು ಹೊಡೆದದ್ದು ಬೆಳ್ಯಪ್ಪನ ಕೋವಿ, ಬೆಳ್ಯಪ್ಪನದೇ ಕೈ. ಇನ್ನು ದುಗ್ಗಪ್ಪನ ಸರದಿ. ಅವನು ಹೋಗುವ ಮೊದಲು ಕೋವಿ ಮನೆಗೆ ಬರಬೇಕಿತ್ತು, ಅಷ್ಟೇ.

ಆದರೆ ಇದನ್ನು ಬೆಳ್ಯಪ್ಪ ಬಾಯಿಬಿಟ್ಟು ಹೇಳುವವನಲ್ಲ. ಭಾವಂದಿರಿಬ್ಬರೂ ಮಾತು ಬಿಟ್ಟು ಐದು ವರ್ಷವಾಗಿತ್ತು.

ಅದೂ ಚುನಾವಣೆಯದ್ದೇ ಪ್ರತಾಪ. ಬೆಳ್ಯಪ್ಪನದು ಕೊಡೆ ಗುರುತಿನ ಪಕ್ಷ, ದುಗ್ಗಪ್ಪನದು ಹಾರೆ ಗುರುತಿನದು. ದುಗ್ಗಪ್ಪ ಬೂತ್ ಅಧ್ಯಕ್ಷ ಬೇರೆ. ಹೋದ ಲೋಕಸಭೆಯ ಹೊತ್ತಿಗೆ ದುಗ್ಗಪ್ಪನ ಮನೆಯಲ್ಲಿ ಊಟಕ್ಕೆ ಕೂತಾಗ ಹೊಳೆಗೆ ಸೇತುವೆ ಯಾರು ಕಟ್ಟಿಸುತ್ತಾರೆ ಎಂದು ಮಾತು ಹುಟ್ಟಿತು. ಮಾತಿಗೆ ಮಾತು ಬೆಳೆಯಿತು. "ನಿಮ್ಮ ಹಾರೆಯವನು ದೊಡ್ಡ ಕಳ್ಳ" ಎಂದು ಬೆಳ್ಯಪ್ಪ ಹೇಳಿದ. "ಕಳ್ಳನಿಗೆ ಓಟು ಹಾಕುವವನ ಮನೆಯ ಅನ್ನ ಯಾಕೆ ನಿನಗೆ?" ಎಂದು ದುಗ್ಗಪ್ಪ ಕೇಳಿಬಿಟ್ಟ. ಬೆಳ್ಯಪ್ಪ ಅರ್ಧ ಉಂಡ ಎಲೆಯಿಂದ ಎದ್ದು, ಕೈ ಕೂಡ ತೊಳೆಯದೆ ಹೊರಟು ಬಂದ. ಮತ್ತೆ ಆ ಅಂಗಳ ತುಳಿಯಲಿಲ್ಲ.

ಸೇತುವೆ? ಅದು ಇವತ್ತಿಗೂ ಇಲ್ಲ. ಸಾಲದ್ದಕ್ಕೆ ಆ ಹಾರೆಯ ಅಭ್ಯರ್ಥಿ ನಡುವೆ ಪಕ್ಷ ಹಾರಿ ಈ ಸಲ ಕೊಡೆ ಹಿಡಿದುಕೊಂಡು ನಿಂತಿದ್ದಾನೆ. ಬೆಳ್ಯಪ್ಪ ಯಾರನ್ನು ಕಳ್ಳ ಎಂದು ಎಲೆಯಿಂದ ಎದ್ದಿದ್ದನೋ ಅವನ ಫೋಟೊವೇ ಈಗ ಬೆಳ್ಯಪ್ಪನ ಗೇಟಿನಲ್ಲಿ ಕೈ ಮುಗಿದು ನಗುತ್ತಿದೆ. ಇದನ್ನು ನೋಡಿ ಎಂತ ಮಾಡುವುದು, ನಗುವುದೋ ಅಳುವುದೋ, ಬೆಳ್ಯಪ್ಪನಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಹಾಲು ಕೊಡಲು ಹೋಗುವಾಗಲೂ ಬರುವಾಗಲೂ ಗೇಟಿನ ಕಡೆ ನೋಡದೆ ನಡೆಯುತ್ತಿದ್ದ.

ತಿಮ್ಮಕ್ಕ ದಿನಾ ಅಣ್ಣನನ್ನು ನೋಡಿ ಬರುತ್ತಿದ್ದಳು. "ಇವತ್ತು ಗಂಜಿ ಎರಡೇ ಚಮಚ ಹೋಯಿತು" ಎಂದು ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದಳು. ಬೆಳ್ಯಪ್ಪ ಕೇಳಿಸದವನ ಹಾಗೆ ಕೂತಿರುತ್ತಿದ್ದ. ಆದರೆ ಎರಡು ಚಮಚದ ಸುದ್ದಿ ಬಂದ ಮರುದಿನವೇ ಕೊಡೆ ಪಕ್ಷದ ಹುಡುಗ ವಿಷ್ಣುಪ್ರಸಾದನ ಮನೆಗೆ ಹೋದ.

"ಬೆಳೆ ರಕ್ಷಣೆಗೆ ಕೋವಿ ಬೇಕು ಅಂತ ಅರ್ಜಿ ಕೊಟ್ರೆ ವಿನಾಯಿತಿ ಉಂಟು ಮಾವ" ಎಂದ ವಿಷ್ಣುಪ್ರಸಾದ್. "ಆದ್ರೆ ನೀವು ಯಾವ ಪಕ್ಷದವರೂ ಅಲ್ಲ ಅಂತ ಬರೀಬೇಕು. ಪಕ್ಷದವರ ಕೈಗೆ ಈಗ ಕೋವಿ ಕೊಡುದಿಲ್ಲ ಅವರು."

"ನಲವತ್ತು ವರ್ಷ ಕೊಡೆ ಹಿಡಿದಿದ್ದೇನಲ್ಲ ಮಾರಾಯ!"

"ಅದು ಕಾಗದಕ್ಕೆ ಗೊತ್ತಾ ಮಾವ? ನೀವು ಸೈನ್ ಹಾಕಿ."

ಬೆಳ್ಯಪ್ಪ ಸೈನ್ ಹಾಕಿದ. ಕಾರಣ: ಕಾಡುಹಂದಿ. ಪಕ್ಷ: ಯಾವುದೂ ಇಲ್ಲ. ಎರಡೂ ಪೂರ್ತಿ ಸತ್ಯವಲ್ಲ ಎಂದು ಮನಸ್ಸಿಗೆ ಚುಚ್ಚುತ್ತಿತ್ತು.

ಹತ್ತು ದಿನ ಕಳೆದು ಠಾಣೆಯಿಂದ ಕರೆ ಬಂತು. ಎಸ್‌ಐ ಹೊಸಬ, ಬಯಲುಸೀಮೆಯವನು, ಮರ್ಯಾದಸ್ಥ. ಕುರ್ಚಿ ಕೊಟ್ಟು ಕೂರಿಸಿದ.

"ಗೌಡ್ರೇ, ನಿಮ್ಮ ಕೋವಿ ವಾಪಸು ಕೊಡಿ ಅಂತ ಎರಡು ಅರ್ಜಿ ಬಂದಿವೆ. ಒಂದರಲ್ಲಿ ನೀವು ಯಾವ ಪಕ್ಷಕ್ಕೂ ಸೇರಿಲ್ಲ ಅಂತಿದೆ. ಇನ್ನೊಂದರಲ್ಲಿ ಕೊಡೆ ಪಕ್ಷದ ಹಳೇ ಕಾರ್ಯಕರ್ತರು ಅಂತಿದೆ. ಯಾವುದು ನಿಜ?"

ಬೆಳ್ಯಪ್ಪನಿಗೆ ತಲೆ ಬುಡ ಅರ್ಥವಾಗಲಿಲ್ಲ. "ನಾನು ಕೊಟ್ಟದ್ದು ಒಂದೇ. ಇನ್ನೊಂದು ಯಾರು ಕೊಟ್ಟದ್ದು?"

"ಹೆಸರು ಹೇಳೋ ಹಾಗಿಲ್ಲ. ಹಾರೆ ಪಕ್ಷದವರ ಅರ್ಜಿಗಳ ಕಟ್ಟಿನಲ್ಲಿ ಬಂದದ್ದು. ಎರಡಕ್ಕೂ ತಾಳೆಯಾಗ್ತಿಲ್ಲ, ಹಾಗಾಗಿ ಎರಡನ್ನೂ ತಡೆಹಿಡಿದಿದ್ದಾರೆ. ಮೊನ್ನೆ ತಾನೇ ಬ್ಯಾನರ್ ಹರಿದರು ಅಂತ ಎರಡೂ ಕಡೆಯವರು ಹೊಡೆದಾಡಿಕೊಂಡಿದ್ದಾರೆ. ಇಂಥ ಹೊತ್ತಲ್ಲಿ ಮೇಲಿನವರು ರಿಸ್ಕ್ ತಗೊಳ್ಳಲ್ಲ. ಆಕ್ಷೇಪ ಇದ್ದರೆ ಪುತ್ತೂರಿನ ಕಚೇರಿಗೆ ಬರೆದು ಕೊಡಿ."

ಊರಿನ ಚಾದಂಗಡಿಯಲ್ಲಿ ಈ ಸುದ್ದಿ ಅರ್ಧ ಗಂಟೆಯಲ್ಲಿ ಹತ್ತು ಬಣ್ಣ ತಳೆಯಿತು. ಹಾರೆಯವರು ಚಾಡಿ ಹೇಳಿದ್ದಾರೆ ಎಂದ ಒಬ್ಬ. ಚಾಡಿ ಹೇಳುವವರು ಕೋವಿ ಕೊಡಿ ಎಂದು ಯಾಕೆ ಅರ್ಜಿ ಹಾಕುತ್ತಾರೆ ಎಂದು ಇನ್ನೊಬ್ಬ ಕೇಳಿದ. ಕೋವಿ ಬಿಡಿಸಿ, ಆಮೇಲೆ ಕೊಡೆಯವರ ಮನೆಯಲ್ಲಿ ಕೋವಿ ಉಂಟು ಎಂದು ಅವರೇ ಗಲಾಟೆ ಎಬ್ಬಿಸುವ ಉಪಾಯ ಇದು ಎಂದು ಮೂರನೆಯವನು ಕಣ್ಣು ಮಿಟುಕಿಸಿದ. ಮೂರೂ ಸರಿ ಎನ್ನಿಸಿತು ಬೆಳ್ಯಪ್ಪನಿಗೆ. ಮೂರೂ ತಪ್ಪು ಎಂದೂ ಎನ್ನಿಸಿತು. ಒಂದು ಮಾತ್ರ ಸ್ಪಷ್ಟವಿತ್ತು: ಹಾರೆಯ ಬೂತ್ ಅಧ್ಯಕ್ಷನಿಗೆ ಗೊತ್ತಿಲ್ಲದೆ ಆ ಪಕ್ಷದಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ.

"ಸಾಯುವಾಗಲೂ ಬಿಡುದಿಲ್ಲ ನಿನ್ನ ಅಣ್ಣ!" ಎಂದು ಮನೆಗೆ ಬಂದವನೇ ಕಿರುಚಿದ. "ನಾನಿಲ್ಲಿ ಯಾರಿಗಾಗಿ ಒದ್ದಾಡ್ತಾ ಇದ್ದೇನೆ, ಅವನಲ್ಲಿ ಎಂತ ಮಾಡ್ತಾ ಇದ್ದಾನೆ!"

ತಿಮ್ಮಕ್ಕ ಏನೋ ಹೇಳಲು ಬಾಯಿ ತೆರೆದಳು.

"ನೀನು ಮಾತಾಡ್ಬೇಡ!" ಎಂದ ಬೆಳ್ಯಪ್ಪ. ಅವಳು ಬಾಯಿ ಮುಚ್ಚಿದಳು, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಆ ಕಣ್ಣೀರು ಯಾವುದಕ್ಕೆ ಎಂದು ಅವನಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆಯ ಬಸ್ಸಿಗೇ ಬೆಳ್ಯಪ್ಪ ಪುತ್ತೂರಿಗೆ ಹೋದ. ಅಲ್ಲಿನ ದರ್ಬೆಯಲ್ಲಿ ನುಸೈಬಾ ಎಂಬವಳ ಜೆರಾಕ್ಸ್ ಅಂಗಡಿ. ಚುನಾವಣೆ ಬಂತೆಂದರೆ ಕೊಡೆಯವರ ಕರಪತ್ರ, ಹಾರೆಯವರ ಮನವಿ, ಎಲ್ಲ ಅವಳ ಒಂದೇ ಕಂಪ್ಯೂಟರಿನಿಂದ ಇಳಿಯುತ್ತದೆ. ಬೆಳ್ಯಪ್ಪ ಕೂತು, ಎರಡನೇ ಅರ್ಜಿ ಸುಳ್ಳು, ವಿರೋಧಿಗಳು ದ್ವೇಷದಿಂದ ಹಾಕಿದ್ದು ಎಂದು ಬರೆಯಲು ಹೇಳಿದ.

"ಲೈಸನ್ಸ್ ನಂಬರ್ ಹೇಳಿ ಅಜ್ಜ."

ಹೇಳಿದ. ನುಸೈಬಾಳ ಬೆರಳು ನಿಂತಿತು. "ಈ ನಂಬರ್ ನಾನು ಮೊದಲೇ ಟೈಪ್ ಹೊಡೆದದ್ದಲ್ವಾ? ಬೆಳ್ಯಪ್ಪ ಗೌಡರು ಅಂದ್ರೆ ನೀವಾ?" ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. "ಅಕ್ಷಿತಾ ಅಂತ ಒಂದು ಹುಡುಗಿ, ಅಜ್ಜ ಬರೆದು ಕೊಟ್ಟದ್ದು ಅಂತ ಕಾಗದ ತಂದಿದ್ದಳು. ಅಕ್ಷರ ಎಲ್ಲ ನಡುಗಿತ್ತು, ಓದಲಿಕ್ಕೇ ಕಷ್ಟ. ಇಂಥ ಅರ್ಜಿ ನಾನು ಇಷ್ಟು ವರ್ಷದಲ್ಲಿ ಹೊಡೆದದ್ದಿಲ್ಲ ಮಾರಾಯ್ರೆ. ಸುಳ್ಳು ಅಂತ ಹೇಳುವ ಮೊದಲು ನೀವೇ ಒಮ್ಮೆ ಓದಿ."

ಅಕ್ಷಿತಾ ದುಗ್ಗಪ್ಪನ ಮೊಮ್ಮಗಳು. ಬೆಳ್ಯಪ್ಪ ಕನ್ನಡಕ ಹಾಕಿಕೊಂಡ. ಪ್ರಿಂಟರಿನಿಂದ ಬಂದ ಕಾಗದ ಇನ್ನೂ ಬೆಚ್ಚಗಿತ್ತು.

"ಮಾನ್ಯರೇ, ನಾನು ಹೆಚ್ಚು ದಿನ ಇರುವವನಲ್ಲ. ನಮ್ಮ ಮನೆತನದಲ್ಲಿ ಯಾರು ತೀರಿಕೊಂಡರೂ ಎರಡು ಈಡು ಹೊಡೆಯುವುದು ನನ್ನ ತಂಗಿಯ ಗಂಡ ಬೆಳ್ಯಪ್ಪ ಗೌಡರ ಕೋವಿ. ಅದು ಈಗ ತಮ್ಮ ವಶದಲ್ಲಿದೆ. ಅವರು ಹಠದವರು, ನನಗಾಗಿ ಬೇಡಿಕೊಳ್ಳಲಾರರು, ಆದ್ದರಿಂದ ನಾನೇ ಬೇಡಿಕೊಳ್ಳುತ್ತಿದ್ದೇನೆ. ಅವರು ನಲವತ್ತು ವರ್ಷದಿಂದ ಕೊಡೆ ಪಕ್ಷದವರು, ನಮ್ಮ ಎದುರು ಪಕ್ಷ. ಆದರೂ ಆ ಕೋವಿಯಿಂದ ಯಾವ ಮನುಷ್ಯನಿಗೂ ತೊಂದರೆಯಾಗುವುದಿಲ್ಲ ಎಂದು ಹಾರೆ ಪಕ್ಷದ ಬೂತ್ ಅಧ್ಯಕ್ಷನಾಗಿ ನಾನು ಜವಾಬು ಹೇಳುತ್ತೇನೆ. ಬೇರೆಯವರು ಹೊಡೆದರೆ ನನಗೆ ಸಮಾಧಾನವಿಲ್ಲ."

ಕೆಳಗೆ ದುಗ್ಗಪ್ಪನ ಹೆಸರು.

ಬೆಳ್ಯಪ್ಪ ಎರಡು ಸಲ ಓದಿದ. ಮೂರನೇ ಸಲಕ್ಕೆ ಕನ್ನಡಕ ಮಂಜಾಯಿತು. ತಾನು ಸುಳ್ಳು ಬರೆದಿದ್ದ, ಭಾವ ಸತ್ಯ ಬರೆದಿದ್ದ. ಇಬ್ಬರೂ ಕೇಳಿದ್ದು ಒಂದನ್ನೇ. ಅವನ ಸತ್ಯ ಇವನ ಸುಳ್ಳನ್ನು ಹಿಡಿದುಹಾಕಿ, ಸಿಗಬೇಕಾದ ಕೋವಿ ಇಬ್ಬರಿಗೂ ಸಿಗದ ಹಾಗೆ ಮಾಡಿತ್ತು. ಬೆಳ್ಯಪ್ಪನಿಗೆ ಸಿಟ್ಟು ಬಂತು, ನಗು ಬಂತು, ಅಳುವೂ ಬಂತು.

"ಹಾಳಾದವನೇ, ನನ್ನ ಹತ್ರ ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?" ಎಂದು ಕಾಗದಕ್ಕೆ ಬೈದ. ನುಸೈಬಾ ಅವನ ಮುಂದೆ ಒಂದು ಲೋಟ ನೀರು ಇಟ್ಟು, ತಾನು ಆಚೆ ಮುಖ ಮಾಡಿ ನಿಂತಳು.

"ಮತ್ತೆ ಬರೀಬೇಕಾ ಅಜ್ಜ?" ಎಂದು ಕೇಳಿದಳು.

"ಬೇಡ. ಬರೆದದ್ದೇ ಜಾಸ್ತಿಯಾಯ್ತು."

ಮನೆಗೆ ಬಂದಾಗ ತಿಮ್ಮಕ್ಕ ಜಗಲಿಯಲ್ಲಿ ಕೂತಿದ್ದಳು. ಬೆಳ್ಯಪ್ಪ ಕಾಗದ ತೋರಿಸಿ, "ಲೈಸನ್ಸ್ ನಂಬರ್ ಅವನಿಗೆ ಹೇಗೆ ಸಿಕ್ಕಿತು?" ಎಂದು ಕೇಳಿದ.

"ಪುಸ್ತಕ ನಾನೇ ಕೊಂಡುಹೋಗಿ ಕೊಟ್ಟದ್ದು" ಎಂದಳು ತಿಮ್ಮಕ್ಕ. "ಹೇಳ್ಬೇಡ ಅಂತ ಅಣ್ಣ ಆಣೆ ಹಾಕಿಸಿಕೊಂಡಿದ್ದ. ನಿನ್ನೆ ಹೇಳುವ ಅಂದ್ರೆ ನೀವು ಬಿಡಲಿಲ್ಲ."

ಬೆಳ್ಯಪ್ಪ ಕಾಗದ ಮಡಚಿ ಕಿಸೆಗೆ ಹಾಕಿಕೊಂಡ. ಅಂಗಿ ಕೂಡ ಬದಲಿಸದೆ ನೇರ ನಡೆದ. ತಿಮ್ಮಕ್ಕ ಹಿಂದಿನಿಂದ ಓಡಿದಳು.

ಐದು ವರ್ಷದ ಮೇಲೆ ಬೆಳ್ಯಪ್ಪ ಭಾವನ ಅಂಗಳ ತುಳಿದ. ದುಗ್ಗಪ್ಪ ಚಾವಡಿಯ ಮಂಚದಲ್ಲಿ ಮಲಗಿದ್ದ. ಎಷ್ಟು ದೊಡ್ಡ ಆಳು, ಈಗ ಹೊದಿಕೆಯ ಕೆಳಗೆ ಆಳಿದ್ದಾನೋ ಇಲ್ಲವೋ ಎಂದು ಹುಡುಕಬೇಕು. ಕಣ್ಣು ಮಾತ್ರ ಹಳೆಯದೇ. ಆ ಕಣ್ಣು ಬೆಳ್ಯಪ್ಪನನ್ನು ಕಂಡು ಅಲ್ಲೇ ನಿಂತುಬಿಟ್ಟಿತು.

"ಕೋವಿ ಸಿಗ್ಲಿಲ್ಲ ಭಾವ" ಎಂದ ಬೆಳ್ಯಪ್ಪ. ಐದು ವರ್ಷ ಕೂಡಿಟ್ಟ ಮಾತುಗಳಲ್ಲಿ ಬಾಯಿಗೆ ಬಂದದ್ದು ಅದೊಂದೇ.

"ನಾನು... ಅರ್ಜಿ ಹಾಕಿದ್ದೆ."

"ಅದರಿಂದಲೇ ಸಿಗದ್ದು!"

ಬೆಳ್ಯಪ್ಪ ಕತೆ ಪೂರ್ತಿ ಹೇಳಿದ. ದುಗ್ಗಪ್ಪ ಮೊದಲು ಕಣ್ಣರಳಿಸಿದ, ಆಮೇಲೆ ಹೊದಿಕೆ ಅಲುಗುವ ಹಾಗೆ ನಕ್ಕ, ನಗು ಕೆಮ್ಮಾಯಿತು. ಅಕ್ಷಿತಾ ಓಡಿ ಬಂದು ಎದೆ ನೀವಿದಳು.

"ನಲವತ್ತು ವರ್ಷದ ಕೊಡೆ... ಯಾವ ಪಕ್ಷವೂ ಇಲ್ಲ ಅಂತ ಬರೆದೆಯಾ?" ಎಂದ ದುಗ್ಗಪ್ಪ. "ನನಗಾಗಿ?"

"ಹಂದಿಗಾಗಿ" ಎಂದ ಬೆಳ್ಯಪ್ಪ. ಆಮೇಲೆ ತಡೆಯಲಾಗಲಿಲ್ಲ, ಮಂಚದ ಪಕ್ಕ ಕೂತು ಅವನ ಕೈ ಹಿಡಿದುಕೊಂಡ. "ಕೋವಿ ಇನ್ನು ಬರುದು ಜೂನ್‌ಗೆ. ಅಷ್ಟರವರೆಗೆ ನೀನು ನಿಲ್ಲಬೇಕು. ಮೊದಲೇ ಹೊರಟರೆ, ಗೆದ್ದ ದಿನಕ್ಕೆ ಅಂತ ನಮ್ಮ ಕೊಡೆಯವರು ಪಟಾಕಿ ತಂದಿಟ್ಟಿದ್ದಾರೆ, ಅದನ್ನೇ ಹೊಡೆಸ್ತೇನೆ ನೋಡು."

"ಕೊಡೆಯವರ ಪಟಾಕಿಗೆ ನಾನು ಸಾಯುದಿಲ್ಲ" ಎಂದ ದುಗ್ಗಪ್ಪ. ಸ್ವಲ್ಪ ಸುಧಾರಿಸಿಕೊಂಡು ಮೊಮ್ಮಗಳ ಕಡೆ ತಿರುಗಿದ. "ಇವನಿಗೆ ಎಲೆ ಹಾಕು ಮಗಾ. ಅರ್ಧಕ್ಕೆ ಎದ್ದು ಹೋದವನು ಇವ."

ಬೆಳ್ಯಪ್ಪ ಉಂಡ. ಎಲೆ ಪೂರ್ತಿ ಖಾಲಿ ಮಾಡಿ, ಕೈ ತೊಳೆದು ಬಂದ.

ಆಮೇಲೆ ಓಟಿನ ದಿನ ಕಳೆಯಿತು. ಬೆಳ್ಯಪ್ಪ ಯಂತ್ರದ ಮುಂದೆ ತುಂಬ ಹೊತ್ತು ನಿಂತಿದ್ದು ಯಾವುದೋ ಗುಂಡಿ ಒತ್ತಿ ಬಂದ. ಯಾವುದೆಂದು ತಿಮ್ಮಕ್ಕನಿಗೂ ಹೇಳಲಿಲ್ಲ. ಮೇ ಕಳೆಯಿತು. ದಿನಾ ಎರಡೇ ಚಮಚ ಗಂಜಿಯಲ್ಲಿ ದುಗ್ಗಪ್ಪ ಹಟ ಹಿಡಿದು ನಿಂತ. ಡಾಕ್ಟರಿಗೂ ಇದು ಅರ್ಥವಾಗಲಿಲ್ಲ. ಫಲಿತಾಂಶ ಬಂದು ಎಂಟನೇ ದಿನ ಬೆಳ್ಯಪ್ಪ ಠಾಣೆಯಿಂದ ಕೋವಿ ಬಿಡಿಸಿಕೊಂಡು, ಮನೆಗೂ ಹೋಗದೆ ಭಾವನ ಚಾವಡಿಗೆ ಬಂದ.

"ಬಂತಾ?" ಎಂದ ದುಗ್ಗಪ್ಪ.

"ಬಂತು."

ದುಗ್ಗಪ್ಪ ಕೈ ಚಾಚಿ ಕೋವಿಯ ನಳಿಗೆಯನ್ನು ಮುಟ್ಟಿ ನೋಡಿದ. ಗೆದ್ದವರು ಯಾರೆಂದು ಅವನೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಮೂರನೇ ದಿನ ಮಧ್ಯಾಹ್ನ ಉಸಿರು ನಿಂತಿತು. ಬೆಳ್ಯಪ್ಪ ಅಂಗಳದ ನಡುವೆ ನಿಂತು ಮೊದಲ ಈಡು ಹೊಡೆದ. ಎದುರಿನ ಗುಡ್ಡ ಅದನ್ನು ತಿರುಗಿ ಹೇಳಿತು. ಒಂಟಿ ನಳಿಗೆಯ ಕೋವಿ, ಎರಡನೆಯದಕ್ಕೆ ಮತ್ತೆ ತೋಟೆ ತುಂಬಬೇಕು. ನಳಿಗೆ ಮಡಚಿದ, ಕಿಸೆಯಿಂದ ತೋಟೆ ತೆಗೆದ. ತೋಟೆ ಜಾರಿ ಕೆಳಗೆ ಬಿತ್ತು. ಹೆಕ್ಕಿದ, ಮತ್ತೆ ಬಿತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ತಿಮ್ಮಕ್ಕ ಒಳಗಿನಿಂದ ಬಂದಳು. ಬಾಗಿ ತೋಟೆ ಹೆಕ್ಕಿ, ಸೆರಗಿನಲ್ಲಿ ಮಣ್ಣು ಒರೆಸಿ, ತಾನೇ ನಳಿಗೆಗೆ ಹಾಕಿದಳು.

"ಹೊಡೀರಿ" ಎಂದಳು. "ಇನ್ನು ಕಾಯಿಸ್ಬೇಡಿ ಅಣ್ಣನನ್ನು."

ಬೆಳ್ಯಪ್ಪ ಕೋವಿ ಎತ್ತಿ ಹೊಡೆದ.